ಮಂಗಳೂರಿನಲ್ಲಿ ಮಳೆಗಾಲಕ್ಕೆ ಈಜುಕೊಳ ಮುಚ್ಚುವಾಗ ನೀರು ಖಾಲಿ ಮಾಡಬೇಕೇ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಳಸದ ಮನೆಯ ಈಜುಕೊಳವನ್ನು ಬರಿದು ಮಾಡಿ ಇಡಬೇಕೇ, ವಿದೇಶಗಳಲ್ಲಿ ಮಾಡುವಂತೆ ಪೈಪುಗಳಿಗೆ ಆಂಟಿಫ್ರೀಜ್ (ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ) ತುಂಬಬೇಕೇ ಎಂದು ಕೇಳಿದ್ದೀರಿ. ಎರಡೂ ಬೇಡ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗಿ ಪೈಪು ಒಡೆಯುವುದರಿಂದ ಶೀತ ದೇಶಗಳಲ್ಲಿ ಆ ಕ್ರಮವಿದೆ. ನಮ್ಮ ಕರಾವಳಿಗೆ ಆ ಭಯವಿಲ್ಲ.

ಇಲ್ಲಿನ ಅಪಾಯ ನೆಲದಡಿಯದು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಂಗಳದ ಬಾವಿಯ ನೀರು ಕೊಡಪಾನಕ್ಕೆ ಎಟಕುವಷ್ಟು ಮೇಲೇರುವುದನ್ನು ನೀವು ನೋಡಿರಬಹುದು. ಅದೇ ಅಂತರ್ಜಲ ಕೊಳದ ತಳವನ್ನೂ ಮೇಲಕ್ಕೆ ಒತ್ತುತ್ತದೆ. ಒಳಗಿನ ನೀರಿನ ಭಾರವೇ ಆ ಒತ್ತಡವನ್ನು ತಡೆಯುವುದರಿಂದ, ಬರಿದಾದ ಕೊಳದ ಟೈಲ್ಸ್ ಏಳಬಹುದು, ತಳ ಬಿರುಕು ಬಿಡಬಹುದು, ಫೈಬರ್ ಕೊಳವಾದರೆ ಇಡಿಯಾಗಿಯೇ ಮೇಲೆದ್ದೀತು.

ಆದ್ದರಿಂದ ಮೇ ಕೊನೆಯಲ್ಲಿ ಗೋಡೆಗಳನ್ನು ಉಜ್ಜಿ, ಫಿಲ್ಟರನ್ನು ಬ್ಯಾಕ್‌ವಾಶ್ ಮಾಡಿ (ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆದು), ನೀರಿನ ಆಮ್ಲ-ಕ್ಷಾರ ಮಟ್ಟವಾದ ಪಿಎಚ್ 7.2ರಿಂದ 7.6ರೊಳಗೆ ತಂದು ಕ್ಲೋರಿನ್ ಹಾಕಿರಿ. ಮಳೆನೀರು ಕ್ಲೋರಿನನ್ನು ತೆಳುವಾಗಿಸುವುದರಿಂದ ವಾರಕ್ಕೆ ಎರಡು ಬಾರಿ ಪರೀಕ್ಷಿಸುವುದೂ, ಪಂಪನ್ನು ದಿನವೂ ಕೆಲವು ಗಂಟೆ ಓಡಿಸುವುದೂ ಅಗತ್ಯ. ಸಿಡಿಲಿನ ಹೊತ್ತಿನಲ್ಲಿ ಮಾತ್ರ ಮೈನ್ ಸ್ವಿಚ್ ಆರಿಸಿಡಿ. ಪಂಪಿನ ಗುಂಡಿಗೆ ನೀರು ನುಗ್ಗದಂತೆ ಸುತ್ತ ಕಟ್ಟೆ ಕಟ್ಟಿಸಿ, ಹೆಚ್ಚುವರಿ ನೀರು ಚರಂಡಿಗೆ ಹರಿಯುವ ಕೊಳವೆಯಿಂದ ತರಗೆಲೆ ತೆಗೆಸಿರಿ.

ಸಡಿಲವಾದ ಟಾರ್ಪಾಲು ಹೊದಿಸುವುದು ನನಗೆ ಒಪ್ಪಿಗೆಯಿಲ್ಲ. ಅದರ ತಗ್ಗುಗಳಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆಗಳು ಮೊಟ್ಟೆಯಿಡುತ್ತವೆ. ಮಕ್ಕಳು ಅದನ್ನು ಗಟ್ಟಿ ನೆಲವೆಂದು ಭಾವಿಸಿ ಕಾಲಿಟ್ಟರೆ ಜೀವಕ್ಕೇ ಅಪಾಯ. ಬಿಗಿಯಾಗಿ ಎಳೆದು ಕಟ್ಟಿದ ಬಲವಾದ ಬಲೆ, ಬೀಗ ಹಾಕಿದ ಗೇಟು ಇವೆರಡೂ ಇರಲಿ.