ಎಲ್ಲರೂ ಮಲಗಿದ ಮೇಲೆ ಹಾಕುವ ಅರ್ಜಿಗಳು

ಪ್ರಶ್ನೆ: ನನಗೆ 39 ವರ್ಷ. ಮನೆಯವರು ಬೇಡವೆಂದರೂ ಕೇಳದೆ, ಇದ್ದ ಕೆಲಸ ಬಿಟ್ಟು ಒಂಬತ್ತು ವರ್ಷಗಳ ಹಿಂದೆ ಪುಟ್ಟ ಮುದ್ರಣ ಘಟಕ ಆರಂಭಿಸಿದೆ. ಇಬ್ಬರು ಕೆಲಸಗಾರರಿದ್ದಾರೆ. ಒಂದು ವರ್ಷದಿಂದ ಆರ್ಡರ್‌ಗಳು ಅರ್ಧಕ್ಕಿಳಿದಿವೆ. ಮಾಡಿಕೊಟ್ಟ ಕೆಲಸದ ಹಣವೂ ಸರಿಯಾಗಿ ಬರುತ್ತಿಲ್ಲ. ಹಗಲು ಘಟಕ ನೋಡಿಕೊಂಡು, ರಾತ್ರಿ ಎಲ್ಲರೂ ಮಲಗಿದ ಮೇಲೆ ಕೆಲಸಕ್ಕೆ ಅರ್ಜಿ ಹಾಕುತ್ತೇನೆ. ಆರು ತಿಂಗಳಲ್ಲಿ ಎಪ್ಪತ್ತು ಅರ್ಜಿ, ಎರಡೇ ಸಂದರ್ಶನ. ಸ್ವಂತ ಉದ್ಯಮ ಮಾಡಿದವರನ್ನು ಯಾರೂ ತೆಗೆದುಕೊಳ್ಳುವುದಿಲ್ಲವೆಂದು ರೆಸ್ಯೂಮೆಯಲ್ಲಿ ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೇನೆ. ಪತಿಗೂ ಹೇಳಿಲ್ಲ, ಕೆಲಸಗಾರರಿಗೂ ಹೇಳಿಲ್ಲ. ಎಲ್ಲರಿಗೂ ಮೋಸ ಮಾಡುತ್ತಿದ್ದೇನೆ ಎನಿಸುತ್ತದೆ. ಘಟಕ ಮುಚ್ಚಲೇ, ಕೆಲಸ ಹುಡುಕುವುದನ್ನೇ ಬಿಡಲೇ?
(ಹೆಸರು ಬೇಡ)

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ‘ಎಲ್ಲರೂ ಮಲಗಿದ ಮೇಲೆ’ ಎಂಬ ಮಾತಿಗೆ ಬಂದಾಗಲೆಲ್ಲ ಮುಂದೆ ಓದಲಾಗದೆ ನಿಂತೆ. ನೀವು ಕೇಳಿರುವುದು ಮುಚ್ಚುವುದೋ ಬಿಡುವುದೋ ಎಂದು. ನನಗೆ ಕಂಡಿದ್ದು, ಎರಡನ್ನೂ ನಡೆಸುವ ಶ್ರಮಕ್ಕಿಂತ ಎರಡನ್ನೂ ಬಚ್ಚಿಡುವ ಶ್ರಮ ನಿಮ್ಮನ್ನು ಹೆಚ್ಚು ಹಣ್ಣುಮಾಡಿದೆ ಎಂಬುದು.

ಮೊದಲಿಗೆ ಮೋಸದ ಮಾತು. ಆದಾಯ ಕುಸಿದಾಗ ಇನ್ನೊಂದು ದಾರಿ ಹುಡುಕುವುದು ಯಾರಿಗೂ ಮಾಡುವ ಮೋಸವಲ್ಲ. ಆದರೆ ನಿಮ್ಮ ಕೆಲಸಗಾರರ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಘಟಕ ನಿಲ್ಲುವ ಸಂಭವವಿದ್ದರೆ ಅದು ಅವರಿಗೆ ಕೊನೆಯ ವಾರದಲ್ಲಿ ತಿಳಿಯಕೂಡದು. ಅವರಿಗೂ ಮನೆಯಿದೆ, ಅವರೂ ಅರ್ಜಿ ಹಾಕಬೇಕು. ‘ಆರ್ಡರ್ ಕಡಿಮೆಯಾಗಿದೆ, ಇನ್ನು ಇಷ್ಟು ತಿಂಗಳ ಸಂಬಳಕ್ಕೆ ತೊಂದರೆಯಿಲ್ಲ, ಅದರಾಚೆ ಈಗಲೇ ಮಾತು ಕೊಡಲಾರೆ’ ಎಂದು ಇದ್ದದ್ದನ್ನು ಹೇಳಿ. ಯಂತ್ರ ಎಷ್ಟು ಹೊತ್ತು ಸುಮ್ಮನೆ ನಿಂತಿರುತ್ತದೆ ಎಂಬುದು ನಿಮಗಿಂತ ಮೊದಲು ಅವರಿಗೇ ಗೊತ್ತು.

ಆ ಮಾತು ಆಡಲು ಒಂದು ಲೆಕ್ಕ ಬೇಕು. ಕೈಯಲ್ಲಿರುವ ನಗದನ್ನು ದಿನದ ಸರಾಸರಿ ಖರ್ಚಿನಿಂದ ಭಾಗಿಸಿ. ಒಂದು ರೂಪಾಯಿಯೂ ಒಳಗೆ ಬರದಿದ್ದರೆ ಘಟಕ ಎಷ್ಟು ದಿನ ನಡೆಯುತ್ತದೆ ಎಂಬುದು ಸಿಗುತ್ತದೆ. ಬಾಕಿ ಬರಬೇಕಾದ ಹಣವನ್ನು ಇದಕ್ಕೆ ಸೇರಿಸಬೇಡಿ, ಬಂದ ಮೇಲಷ್ಟೇ ಅದು ಹಣ. ಉತ್ತರ ಚಿಕ್ಕದಾಗಿ ಬಂದರೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. 2016ರಲ್ಲಿ ಅಮೆರಿಕದಲ್ಲಿ ಸುಮಾರು 6 ಲಕ್ಷ ಸಣ್ಣ ಉದ್ಯಮಗಳ ಬ್ಯಾಂಕ್ ಖಾತೆಗಳನ್ನು ಪರಿಶೀಲಿಸಿದಾಗ, ಅರ್ಧದಷ್ಟು ಉದ್ಯಮಗಳ ಬಳಿ 27 ದಿನಗಳಿಗೂ ಸಾಲದಷ್ಟು ನಗದು ಇದ್ದದ್ದು ಕಂಡುಬಂತು. ಸಣ್ಣ ವ್ಯಾಪಾರ ಎಂದರೆ ಒಳ್ಳೆಯ ಕಾಲದಲ್ಲೂ ಹಗ್ಗದ ಮೇಲಿನ ನಡಿಗೆಯೇ.

ಬಾಕಿ ವಸೂಲಿಯ ವಿಷಯದಲ್ಲಿ ನಿಮಗೆ ಸಂಕೋಚವಿರಬೇಕು ಎಂದು ಊಹಿಸುತ್ತೇನೆ. ಕೇಳಿದರೆ ಗಿರಾಕಿ ಕೈತಪ್ಪುತ್ತಾರೆ, ನಮ್ಮ ಕಷ್ಟ ಹೊರಗೆ ಗೊತ್ತಾಗುತ್ತದೆ ಎಂಬ ಅಳುಕು. ಅತಿ ಹಳೆಯ ಬಾಕಿಯಿಂದ ಆರಂಭಿಸಿ, ದಿನಕ್ಕೆ ಇಬ್ಬರಿಗೆ ಫೋನ್ ಮಾಡಿ. ಪೂರ್ತಿ ಕೊಡಲಾಗದವರು ಕಂತಿನಲ್ಲಿ ಕೊಡಲಿ. ಹೊಸ ಆರ್ಡರಿಗೆ ಕಾಗದದ ಖರ್ಚಾದರೂ ಮುಂಗಡ ಬರಲೇಬೇಕು. ನೀವು ಕೊಡಬೇಕಾದವರ ಬಳಿಗೂ ಹೀಗೆಯೇ ಮೊದಲು ನೀವೇ ಹೋಗಿ. ಸಾಲದ ಕಂತು ತಪ್ಪುವ ಮೊದಲು ಹೋದರೆ ಅದು ಮಾತುಕತೆ, ತಪ್ಪಿದ ಮೇಲೆ ವಿಚಾರಣೆ. ಸಂಬಳ ಕೊಡಲೆಂದು ದುಬಾರಿ ಬಡ್ಡಿಯ ಕೈಸಾಲಕ್ಕೆ ಮಾತ್ರ ಇಳಿಯಬೇಡಿ.

ಇನ್ನು ಆ ಎಪ್ಪತ್ತು ಅರ್ಜಿಗಳು. ಸಮಾಜವಿಜ್ಞಾನಿ ಮಾರ್ಕ್ ಗ್ರಾನೊವೆಟರ್ ಅವರು 1973ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು, ಆ ಪರಿಚಯದವರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಅವರು ಕೇಳಿದರು. ಪದೇ ಪದೇ ಎಂದವರು ಶೇ. 17ರಷ್ಟು ಮಾತ್ರ. ಉಳಿದವರಿಗೆ ಸುಳಿವು ಸಿಕ್ಕಿದ್ದು ಅಪರೂಪಕ್ಕೋ ಆಗೊಮ್ಮೆ ಈಗೊಮ್ಮೆಯೋ ಸಿಗುವವರಿಂದ. ಆಪ್ತರಿಗೆ ತಿಳಿದಿರುವುದು ಹೆಚ್ಚಾಗಿ ನಮಗೂ ತಿಳಿದಿರುತ್ತದೆ. ಅರೆಪರಿಚಿತರು ಬೇರೆ ವಲಯದ ಸುದ್ದಿ ತರುತ್ತಾರೆ. ಒಂಬತ್ತು ವರ್ಷದ ಗಿರಾಕಿಗಳು, ಕಾಗದ ಪೂರೈಸುವವರು, ಹಳೆಯ ಕಚೇರಿಯ ಸಹೋದ್ಯೋಗಿಗಳು, ಎಷ್ಟು ಜನರಿದ್ದಾರೆ ನೋಡಿ! ಗುಟ್ಟು ಕಾಯುವ ಭರದಲ್ಲಿ ನೀವು ಮುಚ್ಚಿಕೊಂಡಿರುವುದು ಇದೇ ಬಾಗಿಲನ್ನು.

ರೆಸ್ಯೂಮೆಯ ಆ ಒಂದು ಸಾಲನ್ನು ಓದಿ ನನಗೆ ನಿಜಕ್ಕೂ ಸಂಕಟವಾಯಿತು. ದರ ಹೇಳಿ ಆರ್ಡರ್ ಹಿಡಿದದ್ದು, ಗಡುವಿಗೆ ಕೆಲಸ ಮುಗಿಸಿದ್ದು, ದಾಸ್ತಾನು ನೋಡಿಕೊಂಡದ್ದು, ಇಬ್ಬರಿಗೆ ಪ್ರತಿ ತಿಂಗಳು ಸಂಬಳ ಕೊಟ್ಟದ್ದು ಎಲ್ಲವೂ ಅನುಭವವೇ. ಬಿಡಿಸಿ ಬರೆಯಿರಿ. ‘ಮತ್ತೆ ಬಿಟ್ಟು ಹೋಗುತ್ತೀರಾ?’ ಎಂದು ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ಅದಕ್ಕೆ ನಿಮ್ಮ ಉತ್ತರವನ್ನು ಮನೆಯಲ್ಲೇ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ವಾರಕ್ಕೆ ನಾಲ್ಕೈದು ಅರ್ಜಿ ಸಾಕು, ಅದೂ ಹಗಲಿನಲ್ಲಿ, ತಲೆ ಹಗುರವಾಗಿರುವಾಗ.

ಪತಿಗೆ ಹೇಳುವುದೇ ಕಷ್ಟದ ಕೆಲಸ. ‘ನಾನು ಆಗಲೇ ಹೇಳಿರಲಿಲ್ಲವೇ?’ ಎಂಬ ಮಾತಿಗೆ ನೀವು ಅಂಜುತ್ತಿದ್ದೀರಿ ಎಂದು ನನಗನಿಸುತ್ತದೆ. ಆ ಮಾತು ಬಂದರೂ ಬರಬಹುದು. ನೋವಾಗುತ್ತದೆ. ಆದರೆ ಆರು ತಿಂಗಳಿಂದ ಆ ಮಾತನ್ನು ಅವರ ಬಾಯಿಂದಲ್ಲದೆ ನಿಮ್ಮ ಮನಸ್ಸಿನಿಂದಲೇ ದಿನವೂ ಕೇಳಿಸಿಕೊಳ್ಳುತ್ತಿದ್ದೀರಲ್ಲ? ಲೆಕ್ಕದ ಹಾಳೆ ಮುಂದಿಟ್ಟುಕೊಂಡೇ ಕುಳಿತುಕೊಳ್ಳಿ. ಕ್ಷಮೆ ಕೇಳುವ ಧಾಟಿ ಬೇಡ, ಸಲಹೆ ಕೇಳುವ ಧಾಟಿ ಇರಲಿ.

ಬಾಯಿಗೆ ಬಾರದಿದ್ದರೆ ಮೊದಲು ಬರೆಯಿರಿ. ಕೆಲಸ ಕಳೆದುಕೊಂಡ 63 ಮಂದಿಯ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ, ಆ ಏಟಿನ ಬಗ್ಗೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಕೆಲವು ದಿನ ಬರೆದವರು ಉಳಿದವರಿಗಿಂತ ಬೇಗ ಕೆಲಸ ಹಿಡಿದರು. ಅವರು ಹೆಚ್ಚು ಅರ್ಜಿ ಹಾಕಿದ್ದರಿಂದ ಹಾಗಾದದ್ದಲ್ಲ. ಸಿಟ್ಟು, ನಾಚಿಕೆ ಹಾಳೆಗಿಳಿದ ಮೇಲೆ ಮಾತು ಹದವಾಗುತ್ತದೆ ಎಂಬುದು ನನ್ನ ನಂಬಿಕೆ. ನಿದ್ದೆ ಪೂರ್ತಿ ಕೆಟ್ಟಿದ್ದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದಿದ್ದರೂ, ಇದಾವುದಕ್ಕೂ ಕಾಯದೆ ವೈದ್ಯರನ್ನು ಕಾಣಿರಿ.

ಮುಚ್ಚುವ ತೀರ್ಮಾನವನ್ನು ಈ ವಾರ ತೆಗೆದುಕೊಳ್ಳಬೇಡಿ. ಲೆಕ್ಕ ಹಾಕಿ, ಬಾಕಿ ಕೇಳಿ, ಪತಿಯೊಂದಿಗೆ ಕುಳಿತು ಒಂದು ದಿನಾಂಕ ಗೊತ್ತುಮಾಡಿಕೊಳ್ಳಿ. ಅಂದು ಕೈಯಲ್ಲಿರುವ ನಗದು, ಬಂದಿರುವ ಆರ್ಡರ್ ನೋಡಿ ಇಬ್ಬರೂ ನಿರ್ಧರಿಸಿ. ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ಭಾಗಿಸಿದಾಗ ಎಷ್ಟು ದಿನ ಬಂತು ಎಂಬುದನ್ನೂ ತಿಳಿಸಿ.