ಮಕ್ಕಳಿಗೆ ದೇಶ, ಸಂಸ್ಕೃತಿ ತೋರಿಸುವ ಗುಂಪು: ಕುವೆಂಪುನಗರದವರ ಪ್ರಶ್ನೆಗೆ ಉತ್ತರ

ನಮಸ್ಕಾರ ಮೇಡಂ. ನಿಮ್ಮ ಬಡಾವಣೆಯ ಏಳೆಂಟು ಮನೆಗಳು ಸೇರಿ ಮಕ್ಕಳಿಗಾಗಿ ಒಂದು ಗುಂಪು ಕಟ್ಟುತ್ತಿದ್ದೀರಿ. ಅದರಲ್ಲಿ ಒಂದು ಟಿಬೆಟನ್ ಕುಟುಂಬ, ಸಂಶೋಧನೆಗೆಂದು ಬಂದಿರುವ ಇರಾನಿನ ದಂಪತಿ ಮತ್ತು ಅವರ ಮಗಳು, ಒಂದು ಮಲಯಾಳಿ ಮನೆ, ಉಳಿದವರು ಇಲ್ಲಿಯವರೇ. ತಿಂಗಳಿಗೊಂದು ದೇಶ ಆರಿಸಿಕೊಂಡು ಧ್ವಜ, ರಾಜಧಾನಿ, ಉಡುಪು, ಒಂದು ತಿನಿಸು ಎಂದು ಚಾರ್ಟ್ ಮಾಡಿಸುವ ಯೋಚನೆ ನಿಮ್ಮದು. ಇದು ಸರಿಯೇ, ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬಹುದು, ಖರ್ಚು ಹೇಗೆ ಹಂಚಿಕೊಳ್ಳಬೇಕು, ಹದಿಮೂರರ ಮಗ ‘ನಾನು ಬರುವುದಿಲ್ಲ’ ಎನ್ನುತ್ತಿದ್ದಾನೆ, ಏನು ಮಾಡಲಿ ಎಂದು ಕೇಳಿದ್ದೀರಿ. ಇಲ್ಲೇ ಮೈಸೂರಿನ ಸರಸ್ವತೀಪುರಂನಲ್ಲಿ ಇಂಥದ್ದೇ ಗುಂಪನ್ನು ನಡೆಸುವವರಲ್ಲಿ ನಾನೂ ಒಬ್ಬಳು. ಉತ್ತರ ಉದ್ದವಾಗುತ್ತದೆ, ಬಿಡುವಿದ್ದಾಗ ಓದಿ.

ಮೊದಲು ಚಾರ್ಟ್ ವಿಷಯ. ದಯವಿಟ್ಟು ಅದನ್ನು ಕೈಬಿಡಿ. ಶಾಲೆಯಲ್ಲಿ ಅದು ಹೇಗೂ ನಡೆಯುತ್ತದೆ, ಹಿಂದಿನ ರಾತ್ರಿ ಕೂತು ಅಂಟಿಸುವವರು ತಾಯಂದಿರು. ಅದಕ್ಕಿಂತ ದೊಡ್ಡ ತೊಡಕು ನಿಮ್ಮ ಗುಂಪಿನಲ್ಲೇ ಇದೆ. ಆ ಟಿಬೆಟನ್ ಮಗುವಿನ ಮುಂದೆ ಯಾವ ಧ್ವಜ ಇಡುತ್ತೀರಿ? ಟಿಬೆಟನ್ನರು ತಮ್ಮದೆನ್ನುವ ಹಿಮಸಿಂಹದ ಧ್ವಜಕ್ಕೆ ಚೀನಾದಲ್ಲಿ ನಿಷೇಧವಿದೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ, 1960ರ ದಶಕದ ಆರಂಭದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನಿರಾಶ್ರಿತರಿಗೆ ನೆಲೆ ಕೊಟ್ಟರು. ಈಗಿನ ಮಕ್ಕಳು ಅಲ್ಲಿಗೆ ಬಂದವರ ಮೊಮ್ಮಕ್ಕಳು, ಮರಿಮಕ್ಕಳು. ಅವರಲ್ಲಿ ಹೆಚ್ಚಿನವರು ಟಿಬೆಟನ್ನು ಕಂಡೇ ಇಲ್ಲ. ‘ನಿಮ್ಮ ದೇಶದ ಬಗ್ಗೆ ಹೇಳು ಪುಟ್ಟಾ’ ಎಂದು ಅಂಥ ಮಗುವನ್ನು ಎದ್ದು ನಿಲ್ಲಿಸಿದರೆ, ಹುಣಸೂರು ರಸ್ತೆಯ ಬಸ್ಸುಗಳನ್ನು ನೋಡಿ ಬೆಳೆದ ಅದು ಏನು ಹೇಳಬೇಕು? ಇರಾನಿನ ಹುಡುಗಿಯೂ ಅಷ್ಟೇ. ತನ್ನ ದೇಶದ ರಾಜಕೀಯಕ್ಕೆ ಉತ್ತರ ಕೊಡುವ ಹೊಣೆ ಒಂಬತ್ತು ವರ್ಷದವಳ ಮೇಲೆ ಬೀಳಬಾರದು.

ನಾವು ಮಾಡುವುದು ಹೀಗೆ: ದೇಶವನ್ನು ಆರಿಸುವುದಿಲ್ಲ, ಮನೆಯಲ್ಲಿರುವ ಒಂದು ವಸ್ತುವನ್ನು ಆರಿಸುತ್ತೇವೆ. ಅದು ಎಲ್ಲಿಂದ ಬಂತು, ಅದನ್ನೇ ಬೇರೆಯವರು ಹೇಗೆ ಬಳಸುತ್ತಾರೆ ಎಂದು ಹಿಡಿದುಕೊಂಡು ಹೋದರೆ ದೇಶಗಳು ತಾವಾಗಿಯೇ ಸಿಗುತ್ತವೆ.

ಮೊದಲ ಭೇಟಿಗೆ ರಾಗಿಯನ್ನೇ ತೆಗೆದುಕೊಳ್ಳಿ. ಮಂಡ್ಯ, ಮೈಸೂರಿನ ಮಗು ರಾಗಿ ನಮ್ಮದೇ ಎಂದುಕೊಂಡಿರುತ್ತದೆ. ಅದರ ತವರು ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದದ್ದು. ಉಗಾಂಡಾದ ಪಶ್ಚಿಮ ಭಾಗದಲ್ಲಿ ರಾಗಿ ಹಿಟ್ಟಿಗೆ ಮರಗೆಣಸಿನ ಹಿಟ್ಟು ಬೆರೆಸಿ ಕುದಿಯುವ ನೀರಿನಲ್ಲಿ ತೊಳಸಿ ‘ಕಲೊ’ ಮಾಡುತ್ತಾರೆ, ಮುಚ್ಚಳವಿರುವ ಹೆಣೆದ ಬುಟ್ಟಿಯಲ್ಲಿ ಬಿಸಿಯಾಗಿ ಇಟ್ಟು ಬಡಿಸುತ್ತಾರೆ. ಪೂರ್ವ ಆಫ್ರಿಕಾದ ಕಡೆ ಇಂಥ ಮುದ್ದೆಯ ತುಂಡನ್ನು ಬೆರಳಲ್ಲಿ ಉರುಟು ಮಾಡಿ, ಹೆಬ್ಬೆರಳಿನಿಂದ ಒತ್ತಿ ಗುಳಿ ಮಾಡಿ, ಆ ಗುಳಿಯಲ್ಲಿ ಸಾರು ತುಂಬಿಕೊಂಡು ತಿನ್ನುತ್ತಾರೆ. ನಮ್ಮವರು ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಎರಡನ್ನೂ ಮಾಡಿ ನೋಡಿ ಎಂದು ಮಕ್ಕಳಿಗೆ ಬಿಟ್ಟುಬಿಡಿ. ಮುದ್ದೆ ಕಂಡರೆ ಓಡುವ ಮಗುವೂ ಗುಳಿ ಮಾಡುವ ಆಸೆಗೆ ನಾಲ್ಕು ತುತ್ತು ತಿನ್ನುತ್ತದೆ. ದೊಡ್ಡ ಮಕ್ಕಳಿಗೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಕಥೆ ಹೇಳಿ. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರ ಮಾಡಿ ಇಂಡಾಫ್ ತಳಿಗಳನ್ನು ತಯಾರಿಸಿದ್ದು ಅಲ್ಲೇ. ಹಳ್ಳಿಯಲ್ಲಿ ಅಜ್ಜ ಇರುವ ಮಕ್ಕಳಿದ್ದರೆ, ಇಂಡಾಫ್ ಬೆಳೆದಿದ್ದೀರಾ ಎಂದು ಫೋನ್ ಮಾಡಿ ಕೇಳಲಿ. ಆ ಒಂದು ಫೋನಿನಲ್ಲಿ ಸಿಗುವುದು ಯಾವ ಚಾರ್ಟಿನಲ್ಲೂ ಸಿಗದು.

ಎರಡನೆಯದಾಗಿ ಗೊಂಬೆ. ಮೈಸೂರಿನವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂದೇ ನನ್ನ ಅಭಿಪ್ರಾಯ. ದಸರೆಯಲ್ಲಿ ಬೆಸ ಸಂಖ್ಯೆಯ ಮೆಟ್ಟಿಲು ಕಟ್ಟಿ, ಮೇಲೆ ಪಟ್ಟದ ಗೊಂಬೆಗಳಾದ ರಾಜ ರಾಣಿಯನ್ನು ಕೂರಿಸುತ್ತೇವೆ. ಜಪಾನಿನಲ್ಲಿ ಮಾರ್ಚ್ 3ರಂದು ‘ಹಿನಾಮತ್ಸುರಿ’ ಎಂಬ ಹೆಣ್ಣುಮಕ್ಕಳ ಹಬ್ಬ. ಅಲ್ಲಿಯೂ ಮೆಟ್ಟಿಲು, ಪೂರ್ಣ ಜೋಡಣೆಯಾದರೆ ಏಳು. ಮೇಲೆ ಹಾಸಿದ ಕೆಂಪು ಬಟ್ಟೆ. ತುದಿಯಲ್ಲಿ ಚಕ್ರವರ್ತಿ ಮತ್ತು ಸಾಮ್ರಾಜ್ಞಿ. ಎರಡನೆಯ ಮೆಟ್ಟಿಲಲ್ಲಿ ಅಂತಃಪುರದ ಮೂವರು ಹೆಂಗಸರು, ಮೂರನೆಯದರಲ್ಲಿ ಐವರು ವಾದ್ಯಗಾರರು, ಕೆಳಕೆಳಗೆ ಮಂತ್ರಿಗಳು, ಆಳುಗಳು, ಪೆಟ್ಟಿಗೆ, ಪಲ್ಲಕ್ಕಿ. ನಮ್ಮಲ್ಲಿ ಪಟ್ಟದ ಗೊಂಬೆಯನ್ನು ಮದುವೆಯಲ್ಲಿ ತವರಿನವರು ಕೊಡುತ್ತಾರೆ. ಅಲ್ಲಿ ಹೆಣ್ಣುಮಗುವಿನ ಮೊದಲ ಹಬ್ಬಕ್ಕೆ ತಾಯಿಯ ತವರಿನವರು ಕೊಡುವುದು ರೂಢಿ. ನಾವು ವಿಜಯದಶಮಿ ಮುಗಿದ ಮೇಲೆ ಗೊಂಬೆಯನ್ನು ಮಲಗಿಸಿ ಎತ್ತಿಡುತ್ತೇವೆ. ಅವರೂ ಹಬ್ಬ ಮುಗಿದ ಕೂಡಲೇ ಎತ್ತಿಡುತ್ತಾರೆ, ತಡ ಮಾಡಿದರೆ ಮಗಳ ಮದುವೆ ತಡವಾಗುತ್ತದೆ ಎಂಬ ಹೆದರಿಕೆ. ಈ ಮಾತು ಹೇಳಿದಾಗ ನಮ್ಮ ಗುಂಪಿನ ಅಜ್ಜಿಯೊಬ್ಬರು ‘ಎಲ್ಲಾ ಕಡೆಯೂ ಇದೇ ಗೋಳೇ’ ಎಂದು ನಕ್ಕಿದ್ದರು. ಹುಡುಗಿಯರಿಗೆ ಮಾತ್ರ ಯಾಕೆ ಹೆದರಿಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಆ ಚರ್ಚೆಗೂ ಸಮಯ ಇಟ್ಟುಕೊಳ್ಳಿ.

ಇದನ್ನು ದಸರೆಯ ಸಮಯದಲ್ಲೇ ಮಾಡಿ. ಯಾರ ಮನೆಯಲ್ಲಿ ಗೊಂಬೆ ಕೂರಿಸಿದ್ದಾರೋ ಅಲ್ಲಿ ಸೇರಿ, ಮಕ್ಕಳು ಕಾಗದ ಮಡಚಿ ಜಪಾನಿನ ಆ ಚಕ್ರವರ್ತಿ, ಸಾಮ್ರಾಜ್ಞಿಯ ಜೋಡಿ ಮಾಡಿ ಕೆಳಗಿನ ಮೆಟ್ಟಿಲಲ್ಲಿ ಇಡಲಿ. ಮನೆಯ ಹಿರಿಯರನ್ನು ಮೊದಲೇ ಕೇಳಿಕೊಳ್ಳಿ; ಕೆಲವರಿಗೆ ಕಲಶವಿಟ್ಟ ಮೆಟ್ಟಿಲ ಮೇಲೆ ಹೊರಗಿನದನ್ನು ಇಡುವುದು ಇಷ್ಟವಾಗುವುದಿಲ್ಲ. ಆಗ ಪಕ್ಕದಲ್ಲಿ ಒಂದು ಮಣೆ ಹಾಕಿದರಾಯಿತು. ನಜರ್‌ಬಾದಿನಲ್ಲಿ ಮೃಗಾಲಯದ ಹತ್ತಿರ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ದಸರೆಗೆ ‘ಬೊಂಬೆ ಮನೆ’ ಪ್ರದರ್ಶನ ಇಡುತ್ತಾರೆ, ಅದನ್ನೂ ನೋಡಿ ಬನ್ನಿ. ಒಂದು ಚನ್ನಪಟ್ಟಣದ ಬುಗುರಿ ತಂದಿಟ್ಟು, ಜಪಾನಿನ ಕಡೆಯಲ್ಲೂ ಮರವನ್ನು ಹೀಗೆಯೇ ತಿರುಗಣೆಯಲ್ಲಿ ಕಡೆದು ‘ಕೊಕೆಶಿ’ ಗೊಂಬೆ ಮಾಡುತ್ತಾರೆ ಎಂದು ಹೇಳಿದರೆ ಅಲ್ಲಿಂದ ಇನ್ನೊಂದು ಭಾನುವಾರಕ್ಕೆ ವಿಷಯ ಸಿಕ್ಕಂತೆ.

ಮೊಳಕೆಯ ತಟ್ಟೆ ನಿಮ್ಮ ಗುಂಪಿಗೆ ಹೇಳಿ ಮಾಡಿಸಿದಂಥದ್ದು. ಇರಾನಿನ ಹೊಸ ವರ್ಷ ನೌರೂಝ್ ಬರುವುದು ಮಾರ್ಚ್ 20 ಅಥವಾ 21ರಂದು, ಹಗಲು ರಾತ್ರಿ ಸಮವಾಗುವ ಹೊತ್ತಿಗೆ. ನಮ್ಮ ಯುಗಾದಿಯ ಆಸುಪಾಸು. ಮೇಜಿನ ಮೇಲೆ ಏಳು ಪದಾರ್ಥಗಳನ್ನು ಜೋಡಿಸುತ್ತಾರೆ. ಸೇಬು, ಬೆಳ್ಳುಳ್ಳಿ, ವಿನೆಗರ್ ಇವುಗಳ ಜೊತೆಗೆ ಗೋಧಿ ಅಥವಾ ಇಡೀ ಮಸೂರದಂಥ ಕಾಳಿನ ಹಸಿರು ಮೊಳಕೆ ಇರಲೇಬೇಕು. ಟಿಬೆಟನ್ನರ ಹೊಸ ವರ್ಷ ಲೋಸರ್ ಫೆಬ್ರವರಿ, ಮಾರ್ಚಿನಲ್ಲಿ. ಅವರ ಪೂಜೆಯ ಕಟ್ಟೆಯ ಮೇಲೂ ಬಾರ್ಲಿಯ ಎಳೆ ಮೊಳಕೆ ಇಡುತ್ತಾರೆ. ನಮ್ಮಲ್ಲಿ ಮದುವೆ, ಉಪನಯನಗಳಲ್ಲಿ ಅಂಕುರಾರ್ಪಣೆಗೆ ಪಾಲಿಕೆ ಎಂಬ ಪುಟ್ಟ ಪಾತ್ರೆಯಲ್ಲಿ ನವಧಾನ್ಯ ಬಿತ್ತುತ್ತಾರೆ. ಮೂರು ಮನೆಯ ಹಿರಿಯರು ಒಂದೇ ಕೆಲಸದ ಬಗ್ಗೆ ಮಾತಾಡುವಾಗ ಯಾರೂ ಪ್ರದರ್ಶನದ ವಸ್ತುವಾಗುವುದಿಲ್ಲ.

ವಿಧಾನ ಸುಲಭ. ಗೋಧಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ. ಬಿಳಿ ಮೂತಿ ಕಂಡ ಮೇಲೆ ಅಂಚಿರುವ ತಟ್ಟೆಯಲ್ಲಿ ಒತ್ತೊತ್ತಾಗಿ, ಒಂದೇ ಪದರವಾಗಿ ಹರಡಿ. ಬೇರು ಬಿಡುವವರೆಗೆ ಮೇಲೆ ಒದ್ದೆ ಬಟ್ಟೆ ಇರಲಿ. ಮಾರ್ಚಿನ ಮೈಸೂರಿನ ಬಿಸಿಲಿಗೆ ತಟ್ಟೆ ಮಧ್ಯಾಹ್ನದೊಳಗೆ ಒಣಗುತ್ತದೆ, ಆದ್ದರಿಂದ ನೆರಳಲ್ಲಿಟ್ಟು ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಬೇಕು. ನೀರು ನಿಂತರೆ ಬೂಸಲು ಹಿಡಿದು ನಾರುತ್ತದೆ. ಹತ್ತು ಹನ್ನೆರಡು ದಿನದಲ್ಲಿ ಬೆರಳುದ್ದ ಹಸಿರು ಬರುತ್ತದೆ, ಅದಕ್ಕೆ ಕೆಂಪು ರಿಬ್ಬನ್ ಕಟ್ಟುತ್ತಾರೆ. ಇರಾನಿನವರು ಹದಿಮೂರನೆಯ ದಿನ ಬಯಲಿಗೆ ಹೋಗಿ ಉಂಡು, ಮೊಳಕೆಯನ್ನು ಹರಿಯುವ ನೀರಿಗೆ ಬಿಡುತ್ತಾರೆ. ನೀವು ಕಾವೇರಿಗೆ ಹೋಗುವುದಾದರೆ ದಡದಿಂದಲೇ ದೊಡ್ಡವರು ಬಿಡಲಿ, ಮಕ್ಕಳು ನೀರಿಗಿಳಿಯುವುದು ಬೇಡ. ಬಲಮುರಿಯ ಕಡೆ ಶಾಂತವಾಗಿ ಕಾಣುವ ನೀರನ್ನು ನಂಬಬೇಡಿ. ರಿಬ್ಬನ್ ಬಿಚ್ಚಿಟ್ಟುಕೊಳ್ಳಿ.

ಪ್ರವಾಸದ ಬಗ್ಗೆ. ಬೈಲಕುಪ್ಪೆ ಮೈಸೂರಿನಿಂದ ಸುಮಾರು 80 ಕಿ.ಮೀ.; ಕುಶಾಲನಗರದ ಬಸ್ಸಿನಲ್ಲಿ ಹೋಗಿ ಆಟೊ ಹಿಡಿಯಬಹುದು. ಎಲ್ಲರೂ 1963ರಲ್ಲಿ ಸ್ಥಾಪನೆಯಾದ ನಾಮ್‌ಡ್ರೋಲಿಂಗ್ ಮಠದ ಚಿನ್ನದ ಬಣ್ಣದ ಬುದ್ಧನ ಮುಂದೆ ಸೆಲ್ಫಿ ತೆಗೆದುಕೊಂಡು, ಮೊಮೊ ತಿಂದು ವಾಪಸಾಗುತ್ತಾರೆ. ನೀವು ಸೆರಾ ಮಠಕ್ಕೂ ಹೋಗಿ. ಅಂಗಳದಲ್ಲಿ ಭಿಕ್ಷುಗಳು ತರ್ಕ ಮಾಡುವುದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಉತ್ತರ ಹೇಳುವವನು ಕೆಳಗೆ ಕೂತಿರುತ್ತಾನೆ; ಕೇಳುವವನು ನಿಂತು, ಕೈಯನ್ನು ಹಿಂದಕ್ಕೆಳೆದು, ಕಾಲು ನೆಲಕ್ಕೆ ಅಪ್ಪಳಿಸುತ್ತಾ ಚಟೀರನೆ ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಜಗಳವೆಂದು ಮಕ್ಕಳು ಹೆದರಬಹುದು, ಪಾಠವೆಂದು ಮೊದಲೇ ಹೇಳಿರಿ. ಪ್ರಾರ್ಥನೆಯ ಹೊತ್ತಿನಲ್ಲಿ ಫೋಟೊ ಬೇಡ, ಪ್ರಾರ್ಥನಾ ಚಕ್ರಗಳನ್ನು ನಮ್ಮ ಪ್ರದಕ್ಷಿಣೆಯ ದಿಕ್ಕಿನಲ್ಲೇ ತಿರುಗಿಸಬೇಕು. ಇರಾನಿನ ದಂಪತಿ ಜೊತೆಗಿರುವುದಾದರೆ ವಿದೇಶಿಯರಿಗೆ ಈ ಶಿಬಿರಕ್ಕೆ ಪರವಾನಗಿಯ ನಿಯಮವಿದೆ, ಹೊರಡುವ ಮೊದಲೇ ವಿಚಾರಿಸಿ. ರಾತ್ರಿ ತಂಗುವ ಯೋಜನೆಯಂತೂ ಬೇಡ.

ದೂರ ಹೋಗಲಾಗದಿದ್ದರೆ ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನ. ಮಕ್ಕಳನ್ನು ಸ್ಮಶಾನಕ್ಕೆ ಕರೆದೊಯ್ಯುವುದೇ ಎಂದು ಹುಬ್ಬೇರಿಸುವವರು ಇರುತ್ತಾರೆ, ಇರಲಿ. ಅಲ್ಲಿ ದ ಮ್ಯೂರಾನ್ ರೆಜಿಮೆಂಟಿನವರ ಸಮಾಧಿಗಳಿವೆ. ಈಗಿನ ಸ್ವಿಟ್ಜರ್ಲೆಂಡಿನ ನ್ಯೂಶಾತೆಲ್‌ನವನೊಬ್ಬ 1781ರಲ್ಲಿ ಡಚ್ಚರಿಗಾಗಿ ಕಟ್ಟಿದ ಸೈನ್ಯ. ದಕ್ಷಿಣ ಆಫ್ರಿಕಾದ ಕೇಪ್, ಸಿಲೋನ್ ಸುತ್ತಿ, 1795ರಲ್ಲಿ ಬ್ರಿಟಿಷರ ಕಡೆ ಸೇರಿ, 1799ರಲ್ಲಿ ಟಿಪ್ಪುವಿನ ಕೋಟೆಯ ಮುತ್ತಿಗೆಗೆ ಬಂತು. ಭೂಪಟದ ಮೇಲೆ ಈ ದಾರಿಯನ್ನು ದಾರ ಎಳೆದು ಗುಂಡುಸೂಜಿ ಚುಚ್ಚಿ ತೋರಿಸಿ. ಸೈನಿಕರ ಪುಟ್ಟ ಮಕ್ಕಳ ಸಮಾಧಿಗಳ ಮುಂದೆ ಪ್ರಶ್ನೆಗಳು ಬರುತ್ತವೆ, ಅವಸರ ಮಾಡಬೇಡಿ. ಇನ್ನು ಮೈಸೂರು ಅರಮನೆಯ ಕಲ್ಯಾಣ ಮಂಟಪದ ಬಣ್ಣದ ಗಾಜು ಗ್ಲಾಸ್ಗೊದಿಂದ ಬಂದದ್ದು, 1912ರಲ್ಲಿ ಶುರುವಾದ ರೇಷ್ಮೆ ಕಾರ್ಖಾನೆಯ ಮಗ್ಗಗಳು ಸ್ವಿಟ್ಜರ್ಲೆಂಡಿನಿಂದ ಬಂದವು. ಊರಲ್ಲೇ ಇಷ್ಟಿರುವಾಗ ದೇಶಗಳ ಪಟ್ಟಿ ಹಿಡಿದು ಯಾಕೆ ಅಲೆಯಬೇಕು?

ಊಟದಲ್ಲಿ ಜಗಳ ಬರುವುದು ಖಂಡಿತ. ಶುದ್ಧ ಸಸ್ಯಾಹಾರಿ, ಹಲಾಲ್, ಈರುಳ್ಳಿ ಬೆಳ್ಳುಳ್ಳಿ ತಿನ್ನದವರು, ಕಡಲೆಕಾಯಿ ಆಗದ ಮಗು ಎಲ್ಲರ ವಿವರ ಮೊದಲೇ ಬರೆದಿಟ್ಟುಕೊಳ್ಳಿ. ಗುಂಪಿನ ಊಟ ಸಸ್ಯಾಹಾರವಿದ್ದರೆ ಸುಲಭ. ಎಲೆಕೋಸಿನ ಮೊಮೊ ಯಾರಿಗೂ ಕಡಿಮೆಯಲ್ಲ. ಆದರೆ ಸಸ್ಯಾಹಾರವೇ ಮೇಲು ಎಂಬ ಧಾಟಿ ಯಾರ ಬಾಯಲ್ಲೂ ಬರಬಾರದು. ಮಕ್ಕಳಿಗೆ ನಮ್ಮ ನಿಯಮ ಒಂದೇ: ‘ನನಗೆ ಬೇಡ’ ಎನ್ನಬಹುದು, ‘ಛೀ’ ಎನ್ನಬಾರದು. ದೊಡ್ಡವರಿಗೂ ಇದು ಅನ್ವಯಿಸುತ್ತದೆ, ಟಿಬೆಟನ್ನರ ಬೆಣ್ಣೆ ಉಪ್ಪಿನ ಚಹಾ ಕುಡಿದು ಮುಖ ಹಿಂಡಿಕೊಂಡವರು ಮಕ್ಕಳಲ್ಲ.

ಇನ್ನೊಂದು ಮಾತು ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಆಟವಾಡುವಾಗ ಯಾರಾದರೂ ಆ ಟಿಬೆಟನ್ ಮಗುವನ್ನು ‘ಚೀನಾದವಳು’ ಎಂದು ಕರೆದೇ ಕರೆಯುತ್ತಾರೆ. ಆಗ ಆಟ ನಿಲ್ಲಿಸಿ ಎಲ್ಲರ ಮುಂದೆ ಭಾಷಣ ಮಾಡಬೇಡಿ, ಅದರಿಂದ ಅವಳಿಗೇ ಇನ್ನಷ್ಟು ಮುಜುಗರ. ಕರೆದವನನ್ನು ಪಕ್ಕಕ್ಕೆ ಕರೆದು, ಅವಳಿಗೆ ಹೆಸರಿದೆ, ಅದರಿಂದಲೇ ಕರೆಯಬೇಕು ಎಂದು ಖಡಾಖಂಡಿತವಾಗಿ ಹೇಳಿ. ಸಂಜೆ ಆ ಮಗುವಿನ ತಾಯಿಗೂ ವಿಷಯ ತಿಳಿಸಿ, ಮುಚ್ಚಿಡಬೇಡಿ.

ಖರ್ಚಿಗೆ ತಲಾ ನೂರು ರೂಪಾಯಿಯ ಡಬ್ಬಿ ಸಾಕು. ಪ್ರವಾಸದ ಲೆಕ್ಕ ಬೇರೆ. ತಿಂಗಳಿಗೊಂದು ಭಾನುವಾರ, ಎರಡು ಗಂಟೆ, ಪರೀಕ್ಷೆಯ ವಾರಗಳಲ್ಲಿ ರಜೆ. ಮನೆಗಳು ಸರದಿಯಲ್ಲಿರಲಿ, ‘ಹೊರದೇಶದವರು’ ಎಂದು ಅದೇ ಎರಡು ಮನೆಗಳ ಮೇಲೆ ಅಡುಗೆಯ ಹೊರೆ ಹೊರಿಸಬೇಡಿ. ಮಕ್ಕಳ ಫೋಟೊ ಗುಂಪಿನಾಚೆ ಹೋಗಬಾರದು.

ನಿಮ್ಮ ಮಗನ ವಿಷಯ. ಹದಿಮೂರರವನನ್ನು ಐದು ವರ್ಷದವರ ಜೊತೆ ಕಾಗದ ಮಡಚಲು ಕೂರಿಸಿದರೆ ಅವನು ಬರುವುದಿಲ್ಲ, ಬರಬೇಕೂ ಇಲ್ಲ. ಅಟ್ಟದ ಮೇಲಿನ ಅಳಗುಳಿ ಮಣೆಯನ್ನು ಇಳಿಸಿ ಅವನ ಕೈಗೆ ಕೊಡಿ. ನಮ್ಮದು ಹದಿನಾಲ್ಕು ಗುಳಿ, ಘಾನಾದ ಇಂಥದ್ದೇ ಆಟ ‘ಒವಾರೆ’ಗೆ ಹನ್ನೆರಡು, ಪೂರ್ವ ಆಫ್ರಿಕಾದ ‘ಬಾವೊ’ಗೆ ನಾಲ್ಕು ಸಾಲಿನಲ್ಲಿ ಮೂವತ್ತೆರಡು. ಒವಾರೆಯ ನಿಯಮ ಹುಡುಕಿ ಕಲಿತು ಉಳಿದವರಿಗೆ ಕಲಿಸುವ ಕೆಲಸ ಅವನದು. ಮಣೆಯ ಒಂದು ತುದಿಯ ಎರಡು ಗುಳಿ ಬಿಟ್ಟರೆ ಹನ್ನೆರಡು ಆಗುತ್ತದೆ. ಗುಳಿಗೆ ನಾಲ್ಕರಂತೆ ನಲವತ್ತೆಂಟು ಹುಣಸೆ ಬೀಜ ಬೇಕು. ಗುಲಗಂಜಿ ಬಳಸಬೇಡಿ, ಅದು ವಿಷ, ಚಿಕ್ಕವರು ಬಾಯಿಗೆ ಹಾಕಿಕೊಳ್ಳುತ್ತಾರೆ. ಇರಾನಿನ ಹುಡುಗಿಯ ಅಪ್ಪನಿಗೆ ಚದುರಂಗ ಬರುತ್ತದೆಯೇ ಎಂದೂ ಕೇಳಿ ನೋಡಿ. ಬಂದರೆ ನಿಮ್ಮ ಮಗ ಮುಂದಿನ ಭಾನುವಾರಕ್ಕೆ ಕಾಯುವುದಿಲ್ಲ, ನಡುವಾರದಲ್ಲೇ ಅವರ ಮನೆಯ ಬಾಗಿಲು ತಟ್ಟುತ್ತಾನೆ.