ಮೂರು ತಿಂಗಳು ಜಿಮ್ ಮಾಡಿದರೂ ತೋಳು ದಪ್ಪ ಆಗಿಲ್ಲ, ಏನು ಮಾಡಲಿ?

ಎತ್ತುವ ತೂಕ ಏರಿಸಲಾ, ಪ್ರೋಟೀನ್ ಪೌಡರ್ ಬದಲಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಮೊದಲಿಗಿಂತ ಜಾಸ್ತಿ ಭಾರ ಎತ್ತುತ್ತೇನೆ ಅಂತ ನೀವೇ ಬರೆದಿದ್ದೀರಿ. ಅಂದಮೇಲೆ ಒಳಗೆ ಕೆಲಸ ನಡೆದೇ ಇದೆ.

ದಾವಣಗೆರೆಯಲ್ಲಿ ಓದುವಾಗ ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ನನಗೂ ಹುಚ್ಚು ಹತ್ತಿತು. ಜಿಮ್ ಸೇರಿದೆ. ಕೆಲವೇ ವಾರಗಳಲ್ಲಿ, ಮೊದಲು ಅಲುಗದಿದ್ದ ಡಂಬೆಲ್ ಸಲೀಸಾಗಿ ಎದ್ದಿತು. ತೋಳು ಮಾತ್ರ ಹಾಗೇ ಇತ್ತು. ಭಾರ ಸಾಲುತ್ತಿಲ್ಲ ಅಂದುಕೊಂಡೆ. ನಾನು ಎಡವಿದ್ದು ಅಲ್ಲೇ.

ಆ ಮೊದಲ ಶಕ್ತಿ ಬಹುಪಾಲು ನರಗಳದ್ದು. ಸ್ನಾಯುವಿನಲ್ಲಿ ಇರುವ ಎಳೆಗಳನ್ನೇ ಒಟ್ಟಿಗೆ ದುಡಿಸುವುದನ್ನು ಮಿದುಳು ಕಲಿತಿರುತ್ತದೆ, ಅಷ್ಟೇ. ಸ್ನಾಯುವಿನ ಎಳೆಗಳ ಸಂಖ್ಯೆ ಅಷ್ಟಾಗಿ ಬದಲಾಗುವುದಿಲ್ಲ. ಒಂದೊಂದು ಎಳೆಯೊಳಗೂ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನ್‌ಗಳು ಸೇರುತ್ತಾ ಹೋಗಿ ಅದು ದಪ್ಪವಾಗಬೇಕು. ಎಳೆಗೆ ಅಂಟಿಕೊಂಡೇ ಸ್ಯಾಟಲೈಟ್ ಕೋಶಗಳಿರುತ್ತವೆ. 1961ರಲ್ಲಿ ವಿಜ್ಞಾನಿ ಅಲೆಕ್ಸಾಂಡರ್ ಮೌರೊ ಇವನ್ನು ಕಪ್ಪೆಯ ಸ್ನಾಯುವಿನಲ್ಲಿ ಗುರುತಿಸಿದರು. ವ್ಯಾಯಾಮದಿಂದ ಎಚ್ಚೆತ್ತ ಈ ಕೋಶಗಳು ಎಳೆಯೊಳಗೆ ಸೇರಿ ಹೊಸ ನ್ಯೂಕ್ಲಿಯಸ್ (ಕೋಶಕೇಂದ್ರ) ಕೊಡುತ್ತವೆ. ಇದೆಲ್ಲಾ ಕನ್ನಡಿಯಲ್ಲಿ ಬೇಗ ಕಾಣುವಂಥದ್ದಲ್ಲ.

ಇದಕ್ಕಿಂತ ನಿಧಾನ ಟೆಂಡನ್. ಸ್ನಾಯುವನ್ನು ಮೂಳೆಗೆ ಹಿಡಿದಿಡುವ ಪಟ್ಟಿ ಅದು. ಅಲ್ಲಿ ರಕ್ತದ ಓಡಾಟ ಕಡಿಮೆ, ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ನಾನೋ ವಾರವಾರವೂ ತೂಕ ಏರಿಸುತ್ತಾ ಹೋದೆ. ಸ್ನಾಯು ಎಳೆಯಿತು, ಟೆಂಡನ್ ತಾಳಲಿಲ್ಲ. ಮೊಣಕೈ ನೋಯುತ್ತಿದ್ದರೂ ಬ್ಯಾಂಡೇಜ್ ಸುತ್ತಿಕೊಂಡು ಎತ್ತಿದೆ. ಕೊನೆಗೆ ನೀರಿನ ಚೊಂಬು ಎತ್ತಲೂ ಆಗದಂತಾಯಿತು. ಎಷ್ಟೋ ತಿಂಗಳು ಭಾರ ಮುಟ್ಟಲಿಲ್ಲ, ಬಂದ ಶಕ್ತಿಯೂ ಇಳಿಯಿತು. ನೋವು ಕಂಡ ದಿನವೇ ತೂಕ ಇಳಿಸಿದ್ದರೆ ಸಾಕಿತ್ತು. ಬಿಡಬೇಕಿರಲಿಲ್ಲ, ಇಳಿಸಬೇಕಿತ್ತು. ನಮ್ಮ ಟ್ರೇನರ್ ಕೂಡ "ನೋವಿದ್ರೇನೇ ಬೆಳೆಯೋದು" ಅನ್ನುತ್ತಿದ್ದರು. ಆ ಮಾತನ್ನು ದಯವಿಟ್ಟು ನಂಬಬೇಡಿ. ವ್ಯಾಯಾಮದ ಮರುದಿನ ಸ್ನಾಯು ಬಿಗಿದುಕೊಳ್ಳುವುದು ಬೇರೆ, ಕೀಲಿನ ಹತ್ತಿರ ಒಂದೇ ಕಡೆ ಚುಚ್ಚುವುದು ಬೇರೆ.

ಪೌಡರ್ ಬ್ರಾಂಡ್ ಬದಲಿಸಿ ಸುಮ್ನೆ ದುಡ್ಡು ಕಳೆಯಬೇಡಿ. ಮೊಟ್ಟೆ, ಹಾಲು, ಬೇಳೆ, ಶೇಂಗಾ ಸರಿಯಾಗಿ ತಿಂದು ಚೆನ್ನಾಗಿ ನಿದ್ದೆ ಮಾಡಿ. ಈಗಿನ ಭಾರವನ್ನು 12 ಸಲ ಸಲೀಸಾಗಿ ಎತ್ತಲು ಬಂದ ಮೇಲಷ್ಟೇ ಮುಂದಿನದಕ್ಕೆ ಕೈ ಹಾಕಿ. ತೋಳಿನ ಅಳತೆ ತಿಂಗಳಿಗೊಮ್ಮೆ ಟೇಪಿನಲ್ಲಿ ನೋಡಿದರೆ ಸಾಕು.

ಮೊಣಕೈ ನೋವಿದೆಯೋ ಇಲ್ಲವೋ ನೀವು ಬರೆದಿಲ್ಲ. ಸ್ವಲ್ಪವಾದರೂ ಇದ್ದರೆ ಇವತ್ತೇ ತೂಕ ಇಳಿಸಿ, ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.